ಎರಡೇ ವರ್ಷಕ್ಕೆ ಸವೆದ ಕ್ಲಚ್ಚು

ಮಾನ್ಯ ವಾಚಕ ಮಹಾಶಯರೇ,

ತಾವು ಭಾನುವಾರದ ಪತ್ರಿಕೆ ಓದುತ್ತಿರುವಾಗ ಮನೆಯ ಮೂಲೆಯಲ್ಲಿ ನಿಂತು ತಮ್ಮ ಬಟ್ಟೆಗಳನ್ನು ಒಗೆದು ಹಿಂಡುವ ಯಂತ್ರದ ತಳವನ್ನು ತಾವು ಎಂದಾದರೂ ಕಂಡಿದ್ದೀರಾ? ಕಂಡಿರಲಾರಿರಿ, ಕಾಣುವ ಅಗತ್ಯ ತಮಗೆ ಬಿದ್ದಿರಲಾರದು. ಅಂಥ ತಳಗಳ ಕೆಳಗೆ ತಲೆಯಿಟ್ಟೇ ಮೂವತ್ತೊಂದು ವರ್ಷ ಕಳೆದವರೊಬ್ಬರನ್ನು ತಮಗೆ ಪರಿಚಯಿಸಲು ಅಪ್ಪಣೆ ಬೇಡುತ್ತೇನೆ. ಪರಿಚಯವಾದ ಮಾತ್ರಕ್ಕೆ ಅವರಿಗೆ ಒಳಿತಾದೀತೆಂಬ ಭ್ರಮೆ ನನಗಿಲ್ಲ.

ಬೆಳಗಿನ ಐದೂವರೆ. ನಲವತ್ತು ಹಾಸಿಗೆಗಳ ಹೆರಿಗೆ ಆಸ್ಪತ್ರೆಯೊಂದರ ನೆಲಮಾಳಿಗೆ. ಹಳೆಯ ಕಂಬಳಿಯ ಮೇಲೆ ಮಗ್ಗುಲಾಗಿ ಮಲಗಿಸಿದ ವಾಷಿಂಗ್ ಮೆಷಿನ್ನು. ಅದರೆದುರು ಅದೇ ಭಂಗಿಯಲ್ಲಿ ಮಲಗಿರುವ ಐವತ್ತೆಂಟರ ರಿಪೇರಿಯವರು. ಬಾಯಿ ತುಂಬ ನಟ್ಟು. ನೆಲದ ಮೇಲಿಟ್ಟರೆ ಉರುಳಿಹೋಗುತ್ತವೆ, ಜೇಬಿನಲ್ಲಿಟ್ಟರೆ ಮರೆತುಹೋಗುತ್ತವೆ, ಬಾಯಲ್ಲಿಟ್ಟರೆ ಮಾತು ಕಡಿಮೆಯಾಗುತ್ತದೆ. ಕೊನೆಯದೇ ದೊಡ್ಡ ಲಾಭವೆಂದು ಅವರ ಹೆಂಡತಿ ಹೇಳುತ್ತಾರಂತೆ. ಈ ಅಭ್ಯಾಸದಿಂದಲೇ ಅವರು ಎಲ್ಲರಿಗೂ ನಟ್ಟಣ್ಣ.

“ಏನ್ ನಟ್ಟಣ್ಣ, ಮೆಷಿನ್ ಜೊತೆ ನೀವೂ ಮಲಗಿಬಿಟ್ರಾ? ಹೊದಿಯೋಕೆ ಶೀಟ್ ಕೊಡ್ಲಾ? ಒದ್ದೆದೇ ಇರೋದು, ನೋಡಿ ಮತ್ತೆ.”

ಆಸ್ಪತ್ರೆಯ ಬಟ್ಟೆ ಒಗೆಯುವಾಕೆ ಕಲ್ಲಿನ ಬಳಿಯಿಂದ ಕೂಗುತ್ತಾರೆ. ಇಲ್ಲಿರುವುದು ಎರಡು ಮೆಷಿನ್ನುಗಳು. ಒಂದು ಹಸುಗೂಸುಗಳ ಬಟ್ಟೆಗೆ ಮಾತ್ರ. ಅದರೊಳಗೆ ಬೇರೇನನ್ನೂ ಹಾಕಬಾರದೆಂಬುದು ಕಟ್ಟುನಿಟ್ಟಿನ ನಿಯಮ. ಹೆರಿಗೆಯ ಹಾಸಿಗೆಗಳಿಂದ ಬರುವ ದಿನಕ್ಕೆ ನೂರಿಪ್ಪತ್ತು ಶೀಟುಗಳಿಗೆ ಇರುವುದು ಇನ್ನೊಂದು. ಅದು ಕೈಕೊಟ್ಟು ಮೂರು ದಿನ. ಆ ಮೂರು ದಿನದ ಶೀಟುಗಳನ್ನು ಈಕೆ ಕೈಯಲ್ಲೇ ಒಗೆದಿದ್ದಾರೆ. ಬೆರಳಿನ ಗೆಣ್ಣುಗಳು ಬಿರಿದು, ಸುತ್ತಿಕೊಂಡ ಬಟ್ಟೆಯ ಚೂರು ಸೋಪಿನ ನೀರಿನಲ್ಲಿ ಕೆಂಪಾಗಿದೆ.

ರೋಗವೇನೋ ಸರಳ. ಒಗೆಯುವಾಗ ತಳದ ತಟ್ಟೆಯೊಂದೇ ತಿರುಗಬೇಕು, ಡ್ರಮ್ಮು ಸುಮ್ಮನಿರಬೇಕು; ಹಿಂಡುವಾಗ ಎರಡೂ ಒಂದಾಗಿ ಗಿರ್ರನೆ ತಿರುಗಬೇಕು. ಬೇಕಾದಾಗ ಎರಡನ್ನೂ ಹಿಡಿದು ಬೇಡವಾದಾಗ ಬಿಡುವುದು ಕ್ಲಚ್ಚಿನ ಕೆಲಸ. ಅದು ಸವೆದರೆ ಹಿಡಿತ ಜಾರುತ್ತದೆ, ಶೀಟುಗಳು ತೊಟ್ಟಿಕ್ಕುತ್ತಲೇ ಹೊರಬರುತ್ತವೆ. “ಹಿಂಡೋದೆಲ್ಲಿ ಬಂತು? ತೊಟ್ಟಿಲು ತೂಗಿದ ಹಾಗೆ ತೂಗ್ತಿತ್ತು,” ಎನ್ನುತ್ತಾರೆ ಒಗೆಯುವಾಕೆ. “ಮೇಲೆ ಮಕ್ಕಳು ಹುಟ್ತಾವೆ ಅಂತ ಅದಕ್ಕೆ ಯಾರು ಹೇಳಿದ್ರೋ!”

ನಟ್ಟಣ್ಣ ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿತವರಲ್ಲ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದವರು. “ಟ್ಯೂಬ್‌ನಿಂದ ಗಾಳಿ ಎಲ್ಲಿ ಹೊರಗೆ ಹೋಗುತ್ತೆ ಅಂತ ಹುಡುಕ್ತಿದ್ದೆ. ಈಗ ನೀರು ಎಲ್ಲಿಂದ ಒಳಗೆ ಬರುತ್ತೆ ಅಂತ ಹುಡುಕ್ತೀನಿ. ಬಡ್ತಿ ಅಂದ್ರೆ ಇಷ್ಟೇ ಸಾರ್,” ಎಂದು ನಟ್ಟುಗಳ ಸಂದಿನಿಂದಲೇ ನನ್ನತ್ತ ನಗುತ್ತಾರೆ. ಒಂದು ಕಾಲಕ್ಕೆ ದಿನಕ್ಕೆ ಐದು ಮೆಷಿನ್ನು ಬಿಚ್ಚುತ್ತಿದ್ದರು. ಈಗ ವಾರಕ್ಕೆ ಮೂರು ಸಿಕ್ಕರೆ ಹೆಚ್ಚು. ಮೆಟ್ಟಿಲುಗಳಲ್ಲಿ ಮೆಷಿನ್ನು ಹೊತ್ತು ಬಲಮಂಡಿ ಮಡಚುವುದನ್ನೇ ಬಿಟ್ಟಿದೆ. ಬೆಲ್ಟಿಗೆ ಸಿಕ್ಕ ಹೆಬ್ಬೆರಳಿಗೆ ಉಗುರಿಲ್ಲ.

ಇಂದಿನ ಕೆಲಸ ಬರಿಯ ಒಂದು ರಿಪೇರಿಯಲ್ಲ. ಆಸ್ಪತ್ರೆಯ ಎರಡು, ದಾದಿಯರ ವಸತಿಗೃಹದ ಆರು, ಒಟ್ಟು ಎಂಟು ಮೆಷಿನ್ನುಗಳನ್ನು ವರ್ಷವಿಡೀ ನೋಡಿಕೊಳ್ಳುವ ಕೆಲಸ ಯಾರಿಗೆಂದು ದಾದಿಯರ ಮುಖ್ಯಸ್ಥೆ ಮೇಟ್ರನ್ ಇಂದು ಮೇಲಿನವರಿಗೆ ಬರೆದು ಕಳಿಸಬೇಕು. ಮೆಷಿನ್ನಿನ ಕಂಪನಿಯವರೂ ಈ ಕೆಲಸ ಕೇಳಿದ್ದಾರೆ. ಮೊನ್ನೆ ಅವರ ಕಡೆಯವನೊಬ್ಬ ಇಸ್ತ್ರಿಯ ಅಂಗಿ ತೊಟ್ಟು ಬಂದು, ಒಂದು ಸ್ಕ್ರೂವನ್ನೂ ಮುಟ್ಟದೆ, “ಇದರ ಆಯುಸ್ಸು ಮುಗೀತು, ಬದಲಾಯಿಸಿ” ಎಂದು ಬರೆದುಕೊಟ್ಟು ಹೋದ. ಇದನ್ನು ಎಬ್ಬಿಸಿ ನಿಲ್ಲಿಸಿದರೆ ನಟ್ಟಣ್ಣನಿಗೆ ಎಷ್ಟೋ ವರ್ಷಗಳ ಮೇಲೆ ನೆಚ್ಚಬಹುದಾದ ಕೆಲಸವೊಂದು ದಕ್ಕುತ್ತದೆ.

ನಾಲ್ಕು ಬೋಲ್ಟು ಕಳಚಿ ಕ್ಲಚ್ಚನ್ನು ಎಳೆದಾಗ ಕಂಬಳಿಯ ಮೇಲೆ ತುಕ್ಕಿನ ನೀರು ಸುರಿಯುತ್ತದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾರೆ. ತಿರುಗಿಸುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ. ಬಾಯೊಳಗಿನ ನಟ್ಟುಗಳನ್ನು ಒಂದೊಂದಾಗಿ ಅಂಗೈಗೆ ಉಗಿಯುತ್ತಾರೆ.

ಕ್ಲಚ್ಚಿನ ಮೈಮೇಲೆ ಮೊಳೆಯಲ್ಲಿ ಗೀಚಿದ ತಾರೀಖೊಂದಿದೆ. ತಾವು ಹಾಕಿದ ಪ್ರತಿ ಭಾಗದ ಮೇಲೂ ಹೀಗೆ ತಾರೀಖು ಗೀಚುವುದು ನಟ್ಟಣ್ಣನ ಪದ್ಧತಿ. ಅದು ಎಷ್ಟು ಕಾಲ ಬಾಳಿತೆಂದು ತಿಳಿಯಲು. ಇದು ಬಾಳಿದ್ದು ಎರಡು ವರ್ಷ, ಎರಡು ತಿಂಗಳು.

“ಹತ್ತು ವರ್ಷ ಬರೋ ಸಾಮಾನು ಸಾರ್ ಇದು,” ಎಂದು ನನಗಷ್ಟೇ ಕೇಳುವಂತೆ ಹೇಳುತ್ತಾರೆ. ಡ್ರಮ್ಮಿನ ನೀರು ಕೆಳಗಿಳಿಯದಂತೆ ತಡೆಯುವ ಮೇಲಿನ ರಬ್ಬರ್ ಸೀಲಿಗೆ ಬೆರಳು ತಾಗಿಸುತ್ತಾರೆ. ಅದು ಚೂರಾಗಿ ಉದುರುತ್ತದೆ. “ಕ್ಲಚ್ ಹೊಸದು ಹಾಕಿದ್ದೆ. ಸೀಲ್ ಹಳೇದು. ಅವತ್ತು ಸೀಲ್ ಸಿಗಲಿಲ್ಲ, ಸಂಜೆಗೆ ಶೀಟ್ ಬೇಕು ಅಂತ ಅವಸರ. ಗ್ರೀಸ್ ಸವರಿ, ನಾಳೆ ಬಂದು ಹಾಕ್ತೀನಿ ಅಂದ್ಕೊಂಡೆ. ಬರ್ಲಿಲ್ಲ. ಹನಿ ಹನಿ ನೀರು ಇಳಿದು ಇದನ್ನ ತಿಂದುಬಿಡ್ತು.”

ಮುಂದಿನ ಕೆಲಸ ಮುಕ್ಕಾಲು ಗಂಟೆಯದು. ಹೊಸ ಸೀಲನ್ನು ಸೋಪಿನ ನೀರು ಹಚ್ಚಿ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸುತ್ತಾರೆ. ಹೊಸ ಕ್ಲಚ್ಚಿನ ಮೇಲೆ ಇಂದಿನ ತಾರೀಖು ಗೀಚುತ್ತಾರೆ. ಬೆಲ್ಟು ಏರಿಸಿ, ಬ್ರೇಕಿನ ಸನ್ನೆಕೋಲಿಗೆ ಬಿಡಬೇಕಾದ ಸಂದನ್ನು ಗರಗಸದ ಬ್ಲೇಡು ತೂರಿಸಿ ಅಳೆಯುತ್ತಾರೆ. ಮೂರು ಸಲ ಅಳೆಯುತ್ತಾರೆ. ಎತ್ತಿ ನಿಲ್ಲಿಸಿ, ನೀರು ಬಿಟ್ಟು, ಗುಂಡಿ ಒತ್ತಿದಾಗ ಡ್ರಮ್ಮು ಮೊದಲು ಗೊಣಗುತ್ತದೆ, ಆಮೇಲೆ ಗಾಳಿಯನ್ನೇ ಸೀಳುವಂತೆ ತಿರುಗುತ್ತದೆ. ಒಗೆಯುವಾಕೆ ಹೊರತೆಗೆದ ಶೀಟನ್ನು ಕೆನ್ನೆಗೆ ಒತ್ತಿಕೊಂಡು, “ಅಯ್ಯೋ, ಅರ್ಧ ಒಣಗೇ ಬಂದಿದೆ! ನಿಮ್ಮ ಕೈಗೆ ಕೈಯೆತ್ತಿ ಮುಗೀಬೇಕು ನಟ್ಟಣ್ಣ,” ಎನ್ನುತ್ತಾರೆ. ನಟ್ಟಣ್ಣ ಮುಖ ಬೇರೆಡೆಗೆ ತಿರುಗಿಸುತ್ತಾರೆ.

ಎಂಟು ಗಂಟೆಗೆ ಮೇಟ್ರನ್ ಕಾಗದ ಹಿಡಿದು ಇಳಿದು ಬರುತ್ತಾರೆ. ತಿರುಗುವ ಡ್ರಮ್ಮನ್ನು ಕಂಡು ಅವರ ಮುಖವೂ ಅರಳುತ್ತದೆ.

“ಕೆಟ್ಟಿದ್ದಕ್ಕೆ ಕಾರಣ ಅಂತ ಒಂದು ಕಾಲಂ ಇದೆ ನಟ್ಟಣ್ಣ. ಏನು ಬರೀಲಿ? ಕಳಪೆ ಸಾಮಾನು ಅಂತ ಹಾಕ್ಲಾ? ಎಲ್ಲರೂ ಅದನ್ನೇ ಬರೆಸೋದು.”

“ಸಾಮಾನು ಚೆನ್ನಾಗೇ ಇತ್ತು ಮೇಡಂ. ಹಳೇ ಸೀಲ್ ಬಿಟ್ಟು ಹೊಸ ಕ್ಲಚ್ ಹಾಕಿದ್ದು ನಾನು. ಹಾಗೇ ಬರೀರಿ.”

ಲೇಖನಿ ನಿಲ್ಲುತ್ತದೆ. “ಹಾಗೆ ಬರೆದು, ಅದರ ಕೆಳಗೇ ವರ್ಷದ ಕೆಲಸ ನಿಮಗೆ ಕೊಡಿ ಅಂತ ಸಹಿ ಹಾಕೋಕಾಗುತ್ತಾ? ಮೇಲಿನವರು ನನ್ನ ಮುಖಕ್ಕೆ ಉಗೀತಾರೆ.” ಸ್ವಲ್ಪ ದನಿ ತಗ್ಗಿಸಿ, “ಇನ್ನೊಂದ್ಸಲ ಯೋಚನೆ ಮಾಡಿ. ನನಗೇನೂ ಕೇಳಿಸಿಲ್ಲ,” ಎನ್ನುತ್ತಾರೆ. ಅವರು ಕೆಟ್ಟವರಲ್ಲ.

“ನನಗೆ ಕೇಳಿಸ್ತು ಮೇಡಂ.”

ಒಗೆಯುವಾಕೆ ಕೈಗಳನ್ನು ಮುಂದೆ ಚಾಚಿ ನಿಂತಿದ್ದಾರೆ. “ಮೂರು ದಿನ. ಮೆಷಿನ್‌ಗೆ ಬೈದೆ, ಕಂಪನಿಯೋರಿಗೆ ಬೈದೆ, ನನ್ನ ಹಣೆಬರಹಕ್ಕೂ ಬೈದೆ. ನಿಮಗೊಬ್ಬರಿಗೆ ಬೈಲಿಲ್ಲ ನಟ್ಟಣ್ಣ. ನೀವು ಬಂದ್ರೆ ಸಾಕು ಅಂತ ಕಾಯ್ತಾ ಕೂತಿದ್ದೆ.”

“ಈಗ ಬೈ, ತಂಗಿ.”

“ಬೈದ್ರೆ ಚರ್ಮ ಕೂಡುತ್ತಾ?”

ಆಕೆ ಬೆನ್ನು ತಿರುಗಿಸಿ ಉಳಿದ ಶೀಟುಗಳನ್ನು ಡ್ರಮ್ಮಿಗೆ ತುಂಬತೊಡಗುತ್ತಾರೆ. ಮತ್ತೆ ಅವರತ್ತ ನೋಡುವುದಿಲ್ಲ. ಮೇಟ್ರನ್ ಗೋಡೆಗೆ ಕಾಗದ ಒತ್ತಿ ಬರೆಯುತ್ತಾರೆ: ರಿಪೇರಿಯವರ ಲೋಪ. ಎಂಟೂ ಮೆಷಿನ್ನುಗಳು ಒಂದನೆಯ ತಾರೀಖಿನಿಂದ ಕಂಪನಿಯ ಪಾಲು. ಇಸ್ತ್ರಿಯ ಅಂಗಿಯವನ ಹೆಸರಿನಲ್ಲಿ ಈ ಆಸ್ಪತ್ರೆಯಲ್ಲಿ ಒಂದು ಲೋಪವೂ ದಾಖಲಾಗಿಲ್ಲ. ಏನನ್ನೂ ಬಿಚ್ಚದೆ ಹೋದವನ ಲೋಪವನ್ನು ಬರೆಯಲು ಯಾವ ಕಾಗದದಲ್ಲಿಯೂ ಕಾಲಂ ಇಟ್ಟಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಟ್ಟಣ್ಣ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದಾರೆ. ಹೇಳದಿದ್ದರೆ ನನ್ನ ಹೊರತು ಯಾರಿಗೆ ತಿಳಿಯುತ್ತಿತ್ತು ಎಂದು ಕೇಳುತ್ತೇನೆ.

“ಯಾರಿಗೂ ಇಲ್ಲ. ಬೆಳಗ್ಗೆಯಿಂದ ಅದನ್ನೇ ಯೋಚನೆ ಮಾಡ್ತಿದ್ದೆ ಸಾರ್, ಸುಳ್ಳು ಯಾಕೆ ಹೇಳ್ಲಿ? ಹೇಳೋದು ಬೇಡ ಅಂತಲೇ ಇದ್ದೆ. ಅವಳು ಕೈಯೆತ್ತಿ ಮುಗೀಬೇಕು ಅಂದ್ಲಲ್ಲ, ಆ ಕೈ ನೋಡೋಕಾಗಲಿಲ್ಲ.”

ಕಂಪನಿಯವರು ಬಂದೊಡನೆ ಈ ಮೆಷಿನ್ನನ್ನು ತೆಗೆದು ಹೊಸದನ್ನು ಇಡುತ್ತಾರಂತೆ. ಇಂದಿನ ಕೆಲಸದ ಬಾಳು ಹೆಚ್ಚೆಂದರೆ ಮೂರು ವಾರ. ಹಾಗಾದರೆ ಇಷ್ಟು ಅಳೆದು ಕೂರಿಸಿದ್ದು ಯಾತಕ್ಕೆ?

“ಗುಜರಿಯವನಾದ್ರೂ ಒಂದಿನ ಬಿಚ್ಚುತ್ತಾನಲ್ಲ ಸಾರ್,” ಎನ್ನುತ್ತಾರೆ ನಟ್ಟಣ್ಣ. “ಬಿಚ್ಚಿದಾಗ ಒಳಗೆ ಒಣಗಿರ್ಬೇಕು. ಅಷ್ಟೇ ನನ್ನ ಆಸೆ.”

ನಾನು ಟಿಪ್ಪಣಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುತ್ತೇನೆ. ಚೀಲದ ದಾರ ಬಿಗಿದು, ಅವರಿಗೆ ಕೈಮುಗಿದು, ಬಸ್ಸು ನಿಲ್ಲುವ ತಿರುವಿನತ್ತ ನಡೆಯುತ್ತೇನೆ. ಮುಂದಿನ ಊರಿಗೆ ಒಂಬತ್ತಕ್ಕೊಂದು ಬಸ್ಸಿದೆ.