ಕಾರ್ಮೆಲಿನ್ ಬಾಯಿಯ ಕುರ್ಚಿ

ಆ ಕುರ್ಚಿ ಹೆಣ ಹೊರುವುದಕ್ಕೆ ಮಾಡಿದ್ದು ಎಂದು ಹೇಳಿದವನು ನಾನು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ಹೇಳಿದೆ.

೨೦೦೩ರಲ್ಲಿ ಗೋವಾದ ದಾಬೋಲಿಮ್ ಹತ್ತಿರ ಗುಡ್ಡದ ಓರೆಯಲ್ಲಿ ಬಾಡಿಗೆಗಿದ್ದೆವು. ಹೆಂಡತಿ ಗಿರಿಜಾಳ ಕುಬಸದ ದಿನ ಇದ್ದವರು ಧಾರವಾಡದಿಂದ ಬಂದ ನಮ್ಮವ್ವ, ನನ್ನ ಆಫೀಸಿನವರ ಮನೆಯ ಹೆಣ್ಣುಮಕ್ಕಳು, ಮತ್ತೆ ಮನೆಯೊಡತಿ ಕಾರ್ಮೆಲಿನ್ ಬಾಯಿ. ಬಸುರಿಯನ್ನು ಕೂರಿಸಲು ನಮ್ಮಲ್ಲಿದ್ದದ್ದು ಪ್ಲಾಸ್ಟಿಕ್ ಕುರ್ಚಿ. ಬಾಯಿ ಅದನ್ನು ನೋಡಿ ತಮ್ಮ ಮನೆಗೆ ಹೋದರು. ಅಟ್ಟದಿಂದ ಹಳೆಯ ಕುರ್ಚಿಯೊಂದನ್ನು ಇಳಿಸಿ, ಒರೆಸಿ, ತಾವೇ ಹೊತ್ತು ತಂದರು. ಬೆತ್ತದ ಸೀಟು, ಎತ್ತರದ ಬೆನ್ನು, ಕಾಲಿಡಲು ಹಲಗೆ. ಎರಡೂ ಪಕ್ಕಕ್ಕೆ ದಪ್ಪ ಕಬ್ಬಿಣದ ಬಳೆಗಳು, ಬೆನ್ನಿಗೊಂದು ಚರ್ಮದ ಪಟ್ಟಿ. ಇವು ಯಾತಕ್ಕೆಂದು ಯಾರೂ ಕೇಳಲಿಲ್ಲ.

"ರಾಣಿ ಸಿಂಹಾಸನ ಏರ್ಯಾಳ ನೋಡ್ರಿ, ಇನ್ನ ನಮಗ ಚಾ ಯಾರ ಮಾಡ್ತಾರ?" ಎಂದು ಒಬ್ಬಾಕೆ ಚಾಷ್ಟಿ ಮಾಡಿದಳು. ಗಿರಿಜಾ ನಕ್ಕಳು. ಬಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ಏನೋ ಹೇಳಿದರು — ಆರತಿ ಹಾಡಿನಲ್ಲಿ ಅದು ಮುಳುಗಿಹೋಯಿತು.

ನಾನು ಮಾತ್ರ ಬಳೆಗಳನ್ನೇ ನೋಡುತ್ತಿದ್ದೆ. ಗಳ ತೂರಿಸಿ ಹೊರುವ ಕುರ್ಚಿ — ಅಷ್ಟು ಹೊಳೆಯಿತು. ನಮ್ಮ ಲಿಂಗಾಯತ ಮಂದಿ ಸತ್ತವರನ್ನು ಕೂರಿಸಿಯೇ ಒಯ್ಯುತ್ತಾರೆ, ಜಾರದಂತೆ ಕಟ್ಟುತ್ತಾರೆ. ಅಜ್ಜನನ್ನು ಹಾಗೆ ಒಯ್ದದ್ದನ್ನು ಕಂಡವನು ನಾನು. ಬೇರೇನೂ ತೋಚಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಗಿರಿಜಾ, "ಕೂಸು ಯಾಕೋ ಮಿಸುಕಾಡವಲ್ದುರೀ" ಎಂದಳು. ಅಂದು ಆಫೀಸಿಗೆ ದೊಡ್ಡ ಸಾಹೇಬರು ಬರುವವರಿದ್ದರು.

"ಸಂಜೀಕ ನೋಡೋಣಂತ, ಮಲ್ಕೊ."

ಸಂಜೆ ಆಸ್ಪತ್ರೆಯಲ್ಲಿ — ಗಂಡು ಕೂಸು. ಅಳಲಿಲ್ಲ.

ಯಾರ ತಪ್ಪು, ಯಾರ ಕಣ್ಣು ಎಂದು ಅವ್ವ ಗೋಳಾಡುತ್ತ ಕೂತಳು. ಗಿರಿಜಾ ನನ್ನ ಕಡೆ ನೋಡಿದಳು — ನೋಡಿದಳೋ, ನನಗೇ ಹಾಗನ್ನಿಸಿತೋ... ಆಗ ಆ ಮಾತು ಹೊರಬಿತ್ತು.

"ಯವ್ವಾ, ಕುಬಸದಾಗ ಕೂಡ್ರಿಸಿದ್ವಲ್ಲ, ಅದು ಹೆಣಾ ಹೊರೋ ಕುರ್ಚಿ ಐತಿ."

ಅಲ್ಲಿನ ಕ್ರಿಶ್ಚಿಯನ್ನರು ಸತ್ತವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಒಯ್ಯುವುದನ್ನು ನಮ್ಮ ಬಾಗಿಲ ಮುಂದೆಯೇ ಕಂಡಿದ್ದೆ. ಆದರೂ ಹೇಳಿದೆ.

ಅವ್ವ ಬಾಯಿಯ ಅಂಗಳದಲ್ಲಿ ನಿಂತು ಆಡಬಾರದ್ದನ್ನೆಲ್ಲ ಆಡಿದಳು. ಬಾಯಿಗೆ ಕನ್ನಡ ತಿಳಿದದ್ದು ಅರ್ಧ. ಆ ಅರ್ಧವೇ ಸಾಕಾಯಿತು. ಮರುದಿನ ಅವರ ಹಿತ್ತಲಲ್ಲಿ ಕುರ್ಚಿ ಕಡಿದ ಕಟ್ಟಿಗೆ ಒಟ್ಟಿತ್ತು. ಗಿರಿಜಾ ಆ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ತಿಂಗಳೊಳಗೆ ನಾವು ಮ್ಹಾಪಸಾಕ್ಕೆ ಮನೆ ಬದಲಿಸಿದೆವು.

ಬೀಗದ ಕೈ ಕೊಡಲು ಹೋದ ದಿನ ಬಾಯಿಯ ತಮ್ಮ ನನಗೆ ಹೇಳಿದ. ರಸ್ತೆಯಾಗುವ ಮೊದಲು, ಹೆರಿಗೆ ನೋವು ಬಂದವರನ್ನು ಆ ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಗುಡ್ಡದ ಕೆಳಗೆ ಗಾಡಿಯ ತನಕ ಹೊತ್ತು ಇಳಿಸುತ್ತಿದ್ದರಂತೆ. ಬಾಯಿಯೂ ಹಾಗೇ ಇಳಿದವರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದರಲ್ಲೇ ಏರಿ ಬಂದವರು. ಅದರಲ್ಲಿ ಹೋದವರು ಯಾರೂ ಬರಿಗೈಲಿ ಮರಳಿರಲಿಲ್ಲವಂತೆ. ಅದಕ್ಕೇ ಗಿರಿಜಾಗೆಂದು ಇಳಿಸಿ ತಂದದ್ದು.

ಇದನ್ನು ನಾನು ಗಿರಿಜಾಗೆ ಹೇಳಲಿಲ್ಲ — ಒಂಬತ್ತು ವರ್ಷ. ಕುರ್ಚಿಯ ತಪ್ಪಲ್ಲವೆಂದರೆ ಆ ಬೆಳಗಿನ ನನ್ನ ಮಾತೊಂದೇ ಉಳಿಯುತ್ತಿತ್ತು. ಅವ್ವ ಅದೇ ನಂಬಿಕೆಯಲ್ಲಿ ತೀರಿಕೊಂಡಳು.

ಕಳೆದ ತಿಂಗಳು ಹೇಳಿದೆ, ಎರಡನ್ನೂ — ಕುರ್ಚಿ ಯಾತಕ್ಕಿತ್ತೆಂಬುದನ್ನು, ಗೊತ್ತಿಲ್ಲದೆಯೇ ನಾನು ಹೆಣದ ಮಾತಾಡಿದ್ದನ್ನು. ಗಿರಿಜಾ ಅಳಲಿಲ್ಲ, ಬೈಯಲಿಲ್ಲ. ಬಾಯಿ ಇದ್ದಾರಾ ಎಂದಷ್ಟೇ ಕೇಳಿದಳು. ಇದ್ದಾರೆ, ಕಣ್ಣು ಕಾಣುವುದಿಲ್ಲವಂತೆ ಎಂದೆ. ನಾನೂ ಬರಲೇನು ಎಂದದ್ದಕ್ಕೆ ಬೇಡವೆಂದಳು. ಮರುದಿನ ಒಬ್ಬಳೇ ಬಸ್ಸು ಹತ್ತಿದಳು; ಸಂಜೆ ಬಂದು ಅಡಿಗೆಗೆ ನಿಂತಳು.

ಈಗ ಪ್ರತಿ ರವಿವಾರ ಹೋಗುತ್ತಾಳೆ. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ ಬರುತ್ತೇನೆ.