ಎಲ್ಲಿ ಹೇಳಿ ನೋಡೋಣ

ನಮ್ಮ ಫೋಟೋ ಮಾವ ಮೂವತ್ತು ವರ್ಷ ಈ ಬೀದಿಗಳಲ್ಲೇ ಟಪಾಲು ಹಂಚಿದವರು. ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ವಾಕಿಂಗ್ ಹೊರಟು, ಬೀದಿಯವರ ವಾಟ್ಸಾಪ್ ಗುಂಪಿಗೆ ಫೋಟೋಗಳ ಸುರಿಮಳೆ ಸುರಿಸುತ್ತಿದ್ದರು. ಮುರಿದ ಬೆಂಚು, ಔಷಧಿ ಅಂಗಡಿಯ ಅರ್ಧ ಷಟರ್, ಕಾಂಪೌಂಡ್ ಮೇಲೆ ಆಕಳಿಸುವ ಬೆಕ್ಕು, ಯಾವುದಕ್ಕೂ ತಲೆಬುಡವಿಲ್ಲ. ಮೂಲೆಯಲ್ಲಿ ಅವರ ಹೆಬ್ಬೆರಳಂತೂ ಕಾಯಂ. ಕೆಳಗೆ ಒಂದೇ ಸಾಲು: 'ಇದು ಎಲ್ಲಿ ಹೇಳಿ ನೋಡೋಣ?' ನಾವೆಲ್ಲ ಮುಗಿಬಿದ್ದು ಉತ್ತರಿಸುತ್ತಿದ್ದೆವು. ಟೈಲರ್ ಅಕ್ಕ 'ಗಿರಣಿ ಪಕ್ಕ' ಎಂದರೆ, ಇಸ್ತ್ರಿ ಅಣ್ಣ 'ಅಲ್ಲವೇ ಅಲ್ಲ, ಶಾಲೆ ಹಿಂದೆ' ಎಂದು ಜಗಳಕ್ಕೇ ನಿಲ್ಲುತ್ತಿದ್ದ. ಮಾವ ಮಾತ್ರ ಯಾರಿಗೂ ಭೇಷ್ ಅನ್ನದೆ, 'ಅಲ್ಲಿಂದ ನಮ್ಮ ಬೀದಿಗೆ ಎಡಕ್ಕಾ, ಬಲಕ್ಕಾ?' ಎಂದು ಇನ್ನೊಂದು ಪ್ರಶ್ನೆ ಎಸೆಯುತ್ತಿದ್ದರು. ಇದೆಂಥ ಆಟ ಎಂದು ನಮಗೆ ತಲೆಬಿಸಿ. ಮೊನ್ನೆ ಬಂದದ್ದು ಅವರದೇ ಮನೆಯ ಗೇಟು. 'ಇದು ಯಾರ ಮನೆ?' ಗುಂಪೆಲ್ಲ ನಕ್ಕಿತು. ನಾನೂ ನಗುತ್ತಲೇ ಕಿಟಕಿಯಿಂದ ಇಣುಕಿದೆ. ಮಾವ ಆ ಗೇಟಿನ ಎದುರೇ ನಿಂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಉತ್ತರಕ್ಕೆ ಕಾಯುತ್ತಿದ್ದರು. ಓಡಿ ಹೋಗಿ, "ನಿಮ್ಮದೇ ಮನೆ ಮಾವ, ಬನ್ನಿ" ಎಂದು ಚಿಲಕ ತೆಗೆದೆ. "ಹೌದಾ? ಸದ್ಯ!" ಎಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೆಂಟರ ಮನೆಗೆ ಬಂದವರ ಹಾಗೆ ಸಂಕೋಚದಿಂದ ಒಳಗೆ ಕಾಲಿಟ್ಟರು.