ಹುಣಸೆ ಮರದ ಕಮಾನು

ನವರಾತ್ರಿಯಲ್ಲಿ ಪೂಜೆಗಿಟ್ಟ ವಾದ್ಯವನ್ನು ವಿಜಯದಶಮಿಯವರೆಗೆ ಮುಟ್ಟಬಾರದು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಇದಕ್ಕೆ ಅಪೀಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಸೋದರಮಾವ ಪಿಟೀಲು ಪೂಜೆಗಿಟ್ಟರು, ಕಮಾನಿನ ಕೂದಲು ಸಡಿಲಿಸುವುದನ್ನು ಮರೆತರು. ಬಿಗಿಯಾಗಿ ಬಿಟ್ಟರೆ ಕಡ್ಡಿ ಸೀಳುತ್ತದೆ ಅಂತ ನನಗೆ ಹೇಳಿಕೊಟ್ಟವರೇ ಅವರು.

"ತಿರುಪು ಒಂದು ಸುತ್ತು ತಿರುಗಿಸಿಬಿಡ್ತೀನಿ ಮಾವ. ಕಮಾನು ಮುರಿದ್ರೆ ಸರಸ್ವತಿಗೆ ಸಂತೋಷಾನಾ?"

"ಮುಟ್ಟಬೇಡ. ನಿನ್ನ ಚರ್ಚಾಸ್ಪರ್ಧೆ ಕಾಲೇಜಲ್ಲಿಟ್ಕೋ."

ದಶಮಿ ಬೆಳಿಗ್ಗೆ ನೋಡಿದರೆ ತುದಿ ಬಿರಿದಿತ್ತು. ಅವರ ಗುರುಗಳು ಕೊಟ್ಟ ಕಮಾನು, ಬ್ರೆಜಿಲ್ ಮರದ್ದು. ಆ ಮರ ಕಾಡಿನಲ್ಲೇ ಮುಗಿಯುತ್ತ ಬಂದಿದೆ ಎಂದು ಕೋಲಾರದ ವೇದಿಕೆಯಲ್ಲಿ ಮೇಜು ಗುದ್ದಿ ಕಪ್ ತಂದವನು ನಾನೇ. ಮಾವನ ಮಣಿಕಟ್ಟು ಆಗಲೇ ನೋಯುತ್ತಿತ್ತು. ಹರಿಕಥೆಗೆ ಮೂರು ಗಂಟೆ ನುಡಿಸಲು ಆಗುತ್ತಿದ್ದದ್ದು ಆ ಹಗುರ ಕಮಾನಿನಿಂದ.

ಶ್ರೀನಿವಾಸಪುರದ ಬಡಗಿ ಸಾಬರು ತುದಿ ನೋಡಿ ತಲೆಯಾಡಿಸಿದರು. "ಅಂಟು ಹಾಕಿದ್ರೆ ಎಳೆತ ತಡೆಯಲ್ಲ ಸ್ವಾಮಿ. ಹೊಸದೇ ಆಗ್ಬೇಕು." ಗೋಣಿಯ ಕೆಳಗಿಂದ ಕೆಂಪು ತುಂಡೊಂದನ್ನು ತೆಗೆದರು. ರಕ್ತಚಂದನ. "ಗಟ್ಟಿ ಮರ, ತೆಳ್ಳಗೆ ಕೆತ್ತಬಹುದು." ಆಂಧ್ರದ ಕಾಡಿನಿಂದ ಕದ್ದು ತಂದದ್ದು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಬೇಡ," ಅಂದೆ.

"ಸತ್ತಿರೋ ಮರ ಕಣಪ್ಪಾ. ನೀನು ಬೇಡ ಅಂದ್ರೆ ಮತ್ತೆ ಚಿಗುರುತ್ತಾ?"

"ಕೊಳ್ಳೋರು ಇದ್ದಾರೆ ಅಂತಾನೇ ಇನ್ನೊಂದು ಕಡೀತಾರೆ."

ಸಾಬರು ಮಾವನ ಕಡೆ ತಿರುಗಿದರು. "ಹುಡುಗ ವಕೀಲನಾ?"

"ಇವನು ವಕೀಲನಾದ್ರೆ ಜಡ್ಜೇ ರಾಜೀನಾಮೆ ಕೊಡ್ತಾರೆ." ಮಾವ ತುಂಡನ್ನು ಬಲಗೈಯಲ್ಲಿ ಹಿಡಿದು ತೂಗಿ ನೋಡಿದರು. ಆಮೇಲೆ ಕೆಳಗಿಟ್ಟರು. "ಅವನು ಹೇಳೋದು ಸರಿ. ಬೇರೆ ಏನಿದೆ ಸಾಬರೇ?"

ಹುಣಸೆ ಇತ್ತು. ತೆಳುಮಾಡಿದರೆ ನಿಲ್ಲುವುದಿಲ್ಲ ಅಂತ ಸಾಬರು ದಪ್ಪವಾಗಿಯೇ ಬಿಟ್ಟರು; ಕೈಗೆ ಭಾರ.

ಆ ಕಮಾನು ಹಿಡಿದು ಮಾವ ಮಾಲೂರಿನ ಹರಿಕಥೆಗೆ ಹೋದರು, ಜೊತೆಗೆ ನಾನೂ. ಒಂದು ಗಂಟೆ ಕಳೆದಿರಬೇಕು, ದಾಸರು ಹಾಡುತ್ತಲೇ ಹಿಂತಿರುಗಿ ನೋಡಿದರು. ಪಿಟೀಲು ನಿಂತಿತ್ತು. ಉಳಿದ ಕಥೆ ಬರೀ ಹಾರ್ಮೋನಿಯಂ ಮೇಲೆ ಸಾಗಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಮಣಿಕಟ್ಟು ಒತ್ತಿಕೊಳ್ಳುತ್ತ ಅಂದರು: "ಬೇರೆಯವರನ್ನ ನೋಡ್ಕೊಳ್ಳಿ ಅಂತ ದಾಸರಿಗೆ ಹೇಳ್ಬಿಟ್ಟೆ ಕಣೋ."

ನನ್ನ ವಾದದಲ್ಲಿ ತಪ್ಪಿರಲಿಲ್ಲ. ಈಗಲೂ ಹುಡುಕುತ್ತೇನೆ, ಸಿಗುವುದಿಲ್ಲ. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ ಪಿಟೀಲು ಪೆಟ್ಟಿಗೆ ನಾನು ಎತ್ತಿಕೊಂಡೆ. ಎಂದೂ ಯಾರ ಕೈಗೂ ಕೊಡದವರು ಅವತ್ತು ಬೇಡ ಅನ್ನಲಿಲ್ಲ.